ಕಿಟಕಿ ತೆಗೆಯೋದು ಯಾವಾಗ, ಮುಚ್ಚೋದು ಯಾವಾಗ?

ಬೆಳಿಗ್ಗೆ ಐದೂವರೆಗೆ ಎದ್ದರೆ ನಮ್ಮ ಅತ್ತೆಯ ಮೊದಲ ಕೆಲಸ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ತೆರೆಯುವುದು. ‘ಬೆಳಗಿನ ಗಾಳಿ ಅಮೃತ ಕಣಮ್ಮ, ಮನೆಯೊಳಗೆಲ್ಲ ಆಡ್ಲಿ’ ಎನ್ನುತ್ತಾರೆ. ನಾನು ಬೆಳೆದ ಮನೆಯಲ್ಲೂ ಹೀಗೇ ಇತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ ಕಿಟಕಿ ಮುಚ್ಚಿದ್ದರೆ ಅದು ಸೋಮಾರಿ ಹೆಂಗಸಿನ ಮನೆ ಅಂತಲೇ ಲೆಕ್ಕ.

ಆದರೆ ನೆಲಮಂಗಲದ ನಮ್ಮ ಮನೆ ಹೆದ್ದಾರಿಯಿಂದ ಕೂಗಳತೆ ದೂರದಲ್ಲಿದೆ. ಆರಕ್ಕೆ ಒರೆಸಿದ ಟೀವಿ ಸ್ಟ್ಯಾಂಡಿನ ಮೇಲೆ ಒಂಬತ್ತಕ್ಕೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಧೂಳಾದರೆ ಮತ್ತೆ ಒರೆಸಬಹುದು ಬಿಡಿ. ನನ್ನ ತಲೆನೋವು ಬೇರೆಯದೇ ಆಗಿತ್ತು. ಡಿಸೆಂಬರ್ ಬಂತೆಂದರೆ ಆರು ವರ್ಷದ ಮಗನಿಗೆ ಕೆಮ್ಮು ಶುರು. ಎದೆಯಲ್ಲಿ ಗೊರಗೊರ ಸದ್ದು, ರಾತ್ರಿಯೆಲ್ಲ ದಿಂಬು ಎತ್ತರಿಸಿ ಕೂರಿಸಿಕೊಳ್ಳಬೇಕು. ಎರಡು ಸಲ ನಡುರಾತ್ರಿ ನೆಬ್ಯುಲೈಸರ್‌ಗೆ ಎತ್ತಿಕೊಂಡು ಓಡಿದ್ದೇವೆ.

ಎರಡನೇ ಸಲ ಹೋದಾಗ ವೈದ್ಯರು ಒಂದು ವಿಚಿತ್ರ ಪ್ರಶ್ನೆ ಕೇಳಿದರು. ‘ನಿಮ್ಮನೇಲಿ ಕಿಟಕಿ ಎಷ್ಟು ಹೊತ್ತಿಗೆ ತೆಗೀತೀರಿ?’ ನಾನು ಹೆಮ್ಮೆಯಿಂದಲೇ ‘ಐದೂವರೆಗೆಲ್ಲ ತೆಗೆದುಬಿಡ್ತೀವಿ ಡಾಕ್ಟ್ರೇ’ ಎಂದೆ. ಅವರು ನಕ್ಕು, ‘ಒಂದು ತಿಂಗಳು ಬರೆದಿಡಿ. ಕಿಟಕಿ ತೆಗೆದದ್ದು ಯಾವಾಗ, ಮಗು ಕೆಮ್ಮಿದ್ದು ಯಾವಾಗ, ಒಲೆ ಮೇಲೆ ಏನಿತ್ತು ಎಲ್ಲಾ’ ಎಂದರು.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಬರೆದೆ. ತಿಂಗಳ ಕೊನೆಗೆ ನೋಡಿದರೆ ಕೆಮ್ಮು ಹೆಚ್ಚಾಗುತ್ತಿದ್ದುದು ಎರಡೇ ಹೊತ್ತು. ಒಂದು, ಬೆಳಿಗ್ಗೆ ಆರರಿಂದ ಒಂಬತ್ತು. ಇನ್ನೊಂದು, ರಾತ್ರಿ ಊಟದ ನಂತರ. ಭಾನುವಾರ ತಡವಾಗಿ ಎದ್ದು ತಡವಾಗಿ ಕಿಟಕಿ ತೆಗೆದ ದಿನ ಬೆಳಗಿನ ಕೆಮ್ಮು ಕಡಿಮೆ. ನಮ್ಮೊಬ್ಬರ ಮನೆಯ ಲೆಕ್ಕ ಎಲ್ಲರಿಗೂ ಅನ್ವಯಿಸುತ್ತದೆ ಅಂತಲ್ಲ. ಆದರೆ ಯಾಕೆ ಹೀಗೆ ಅಂತ ಓದುತ್ತಾ ಹೋದಾಗ ಗೊತ್ತಾಗಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಕಣ್ಣಿಗೆ ಕಾಣದ ಧೂಳು

ನಾವು ಒರೆಸುವ ಧೂಳು ದಪ್ಪನೆಯದು. ಮೂಗಿನಲ್ಲೇ ಸಿಕ್ಕಿಕೊಂಡು ಸೀನಿನಲ್ಲಿ ಹೊರಬರುತ್ತದೆ. ತೊಂದರೆ ಕೊಡುವುದು ಅದಕ್ಕಿಂತ ಸಣ್ಣದು. ಅಡ್ಡಗಲ 10 ಮೈಕ್ರಾನ್‌ ಅಥವಾ ಅದಕ್ಕಿಂತ ಕಡಿಮೆ ಇರುವ ಕಣಗಳಿಗೆ ಪಿಎಂ 10 ಎನ್ನುತ್ತಾರೆ, 2.5 ಮೈಕ್ರಾನ್‌ ಅಥವಾ ಅದಕ್ಕೂ ಕಡಿಮೆ ಇರುವುದಕ್ಕೆ ಪಿಎಂ 2.5. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಕೂದಲಿನ ಅಗಲಕ್ಕೆ ಈ ಪಿಎಂ 2.5 ಕಣಗಳು ಇಪ್ಪತ್ತರಿಂದ ಮೂವತ್ತು ಸಾಲಾಗಿ ಕೂರುತ್ತವೆ!

‘ನಮ್ಮ ಕಿಟಕಿಗೆ ಸೊಳ್ಳೆ ಜಾಲರಿ ಇದೆಯಲ್ಲ’ ಅಂತೀರಾ? ಜಾಲರಿಯ ಒಂದು ಕಣ್ಣು ಸುಮಾರು ಒಂದು ಮಿಲಿಮೀಟರ್ ಇದ್ದರೆ ಅದರಲ್ಲಿ ಇಂಥ 400 ಕಣಗಳು ಕೈಕೈ ಹಿಡಿದುಕೊಂಡು ಒಟ್ಟಿಗೆ ಒಳಗೆ ಬರಬಹುದು. ಕಿಟಕಿಗೆ ಒದ್ದೆ ಪರದೆ ಕಟ್ಟಿದರೂ ನಿಲ್ಲುವುದು ದಪ್ಪ ಧೂಳು ಮಾತ್ರ.

ರಸ್ತೆ, ಕ್ರಷರ್, ಕಟ್ಟಡ ಕೆಲಸದ ಧೂಳಿನಲ್ಲಿ ಪಿಎಂ 10 ಹೆಚ್ಚು. ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಸೌದೆ ಹೊಗೆಯಲ್ಲಿ ಪಿಎಂ 2.5 ಹೆಚ್ಚು. ಇದು ಶ್ವಾಸಕೋಶದ ತೀರಾ ಒಳಗಿನ ಗಾಳಿಚೀಲಗಳವರೆಗೂ ಹೋಗುತ್ತದೆ, ಅತಿ ಸಣ್ಣ ಕಣಗಳು ರಕ್ತಕ್ಕೂ ಸೇರುತ್ತವೆ. ಹೀಗಾಗಿ ಉಬ್ಬಸಕ್ಕೆ ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯುವಿಗೂ ಇದು ಕಾರಣವಾಗುತ್ತದೆ. ಹೊರಗಿನ ವಾಯುಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಘೋಷಿಸಿದೆ.

ಇದು ದೆಹಲಿಯವರ ಸಮಸ್ಯೆ, ನಮಗೇನು ಅಂದುಕೊಳ್ಳಬೇಡಿ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳ ದಾಖಲೆ ಇಟ್ಟು ನೋಡಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಉಬ್ಬಸ 1999ಕ್ಕೆ 29.5 ಆಗಿತ್ತು. ಶಾಲೆಗಳಲ್ಲಿ ಸಮೀಕ್ಷೆ ಮಾಡಿದಾಗ ವಾಹನ ದಟ್ಟಣೆ ಕಡಿಮೆ ಇರುವ ಕಡೆಯ ಶಾಲಾ ಮಕ್ಕಳಲ್ಲಿ ಶೇ 11ರಷ್ಟು, ದಟ್ಟಣೆಯ ರಸ್ತೆ ಪಕ್ಕದ ಶಾಲೆಗಳಲ್ಲಿ ಶೇ 19ರಷ್ಟು, ಅದೇ ದಟ್ಟಣೆಯ ಪ್ರದೇಶದ ಬಡ ಮಕ್ಕಳಲ್ಲಿ ಶೇ 31ರಷ್ಟು ಉಬ್ಬಸ ಕಂಡುಬಂತು. ಹಳ್ಳಿಗಾಡಿನಲ್ಲಿ ಶೇ 5.7 ಮಾತ್ರ. ಆಗಿನ ಹಳ್ಳಿಗಾಡು ಈಗ ಹಳ್ಳಿಗಾಡಾಗಿ ಉಳಿದಿದೆಯೇ? ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ.

ಊರು ನಮ್ಮದೇ, ಗಾಳಿ ಬದಲಾಗಿದೆ

ನೆಲಮಂಗಲದಲ್ಲಿ ತುಮಕೂರು ರಸ್ತೆ, ಹಾಸನ–ಮಂಗಳೂರು ರಸ್ತೆ ಕವಲೊಡೆಯುತ್ತವೆ. ಆಚೆಗೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ. ದೊಡ್ಡಬಳ್ಳಾಪುರ ಎಂದರೆ ಹಿಂದೆ ಮಗ್ಗದ ಸದ್ದು, ಈಗ ಅದರ ಜೊತೆಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಲೇಔಟ್, ಅಪಾರ್ಟ್‌ಮೆಂಟ್ ಕೆಲಸ ನಿಂತೇ ಇಲ್ಲ. ಅದಕ್ಕೆ ಬೇಕಾದ ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳೂ ನಿಂತಿಲ್ಲ. ಹೊಸಕೋಟೆಗೆ ಕೋಲಾರ, ಚೆನ್ನೈ ಕಡೆಯ ಲಾರಿಗಳು, ಸಾಲು ಸಾಲು ಗೋದಾಮುಗಳು. ಇವೆಲ್ಲವನ್ನೂ ಒಂದಕ್ಕೊಂದು ಹೊಲಿದಂತೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮೂಲಕ ಹೋಗುವ ವರ್ತುಲ ರಸ್ತೆ ಬೇರೆ.

ಜೊತೆಗೆ ನಮ್ಮದೇ ಕೊಡುಗೆಯೂ ಉಂಟು. ಕೊಯ್ಲು ಮುಗಿದ ಮೇಲೆ ಕಣವಿಲ್ಲದೆ ಟಾರು ರಸ್ತೆಯ ಮೇಲೇ ರಾಗಿ ಒಕ್ಕಣೆ, ಚಳಿಗೆ ಬೀದಿ ಬದಿಯ ಬೆಂಕಿ, ಖಾಲಿ ಸೈಟಿನಲ್ಲಿ ಒಣಗಿದ ಎಲೆ ಮತ್ತು ಪ್ಲಾಸ್ಟಿಕ್ ಸುಡುವುದು. ಇದೆಲ್ಲ ನಡೆಯುವುದು ಯಾವಾಗ? ಹೆಚ್ಚಾಗಿ ಚಳಿಗಾಲದ ಬೆಳಿಗ್ಗೆ ಮತ್ತು ಸಂಜೆ.

ಮುಚ್ಚಳ ಹಾಕಿದ ಪಾತ್ರೆ

ಬೆಳಗಿನ ಗಾಳಿ ತಂಪು, ಅದಕ್ಕೇ ಶುದ್ಧ ಅನ್ನಿಸುತ್ತದೆ. ಆದರೆ ತಂಪು ಬೇರೆ, ಶುದ್ಧ ಬೇರೆ. ಒಲೆ ಮೇಲಿನ ಪಾತ್ರೆಯನ್ನು ನೆನಪಿಸಿಕೊಳ್ಳಿ. ಮುಚ್ಚಳ ತೆಗೆದರೆ ಆವಿ ಮೇಲೆ ಹೋಗುತ್ತದೆ, ಹಾಕಿದರೆ ಒಳಗೇ ಸುತ್ತುತ್ತದೆ. ಹಗಲಲ್ಲಿ ಬಿಸಿಲಿಗೆ ನೆಲ ಕಾದು, ನೆಲದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ತನ್ನ ಜೊತೆ ಹೊಗೆ, ಧೂಳನ್ನೂ ಮೇಲಕ್ಕೊಯ್ದು ಚದುರಿಸುತ್ತದೆ. ಚಳಿಗಾಲದ ರಾತ್ರಿ ಇದು ತಿರುಗುಮುರುಗು. ನೆಲ ಬೇಗ ತಣ್ಣಗಾಗುತ್ತದೆ, ತಣ್ಣನೆಯ ಗಾಳಿ ಕೆಳಗೇ ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದ ಹಾಗೆ. ಬೀಸುಗಾಳಿಯೂ ಕಡಿಮೆ. ರಾತ್ರಿಯೆಲ್ಲ ಓಡಿದ ಲಾರಿಗಳ ಹೊಗೆ ಆ ಮುಚ್ಚಳದ ಕೆಳಗೇ ಉಳಿಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದು ದೇವನಹಳ್ಳಿಯಲ್ಲಿ ವಿಮಾನ ತಡ ಆಯಿತು ಅಂತ ಓದುತ್ತೇವಲ್ಲ, ಅಂಥ ಗಾಳಿಯಾಡದ ಬೆಳಗುಗಳಲ್ಲೇ ಹೊಗೆಯೂ ನೆಲ ಬಿಡುವುದಿಲ್ಲ. ಮಂಜೆಲ್ಲ ಹೊಗೆಯಲ್ಲ, ನಿಜ. ಆದರೆ ಎರಡೂ ಒಂದೇ ಮುಚ್ಚಳದ ಕೆಳಗೆ ಇರುತ್ತವೆ. ಬಿಸಿಲು ಬಲಿತು ನೆಲ ಕಾದ ಮೇಲೆಯೇ, ಹತ್ತು ಹನ್ನೊಂದರ ಸುಮಾರಿಗೆ, ಮುಚ್ಚಳ ತೆರೆದುಕೊಳ್ಳುವುದು. ಮಧ್ಯಾಹ್ನ ಗಾಳಿ ಸಾಮಾನ್ಯವಾಗಿ ಎಲ್ಲಕ್ಕಿಂತ ಹಗುರ. ಸೂರ್ಯ ಮುಳುಗಿದ ಮೇಲೆ ಮತ್ತೆ ಅದೇ ಕಥೆ.

ನಮ್ಮ ಅಜ್ಜಿಯರು ಹೇಳಿದ್ದು ಸುಳ್ಳಲ್ಲ. ಆಗ ರಾತ್ರಿಯಿಡೀ ಲಾರಿ ಇರಲಿಲ್ಲ, ಹಾಗಾಗಿ ಮುಚ್ಚಳದ ಕೆಳಗೆ ತುಂಬಿಕೊಳ್ಳಲು ಇಷ್ಟು ಹೊಗೆಯೂ ಇರಲಿಲ್ಲ.

ಹಾಗಂತ ಮುಚ್ಚಿಕೊಂಡು ಕೂರೋದಾ?

ಮೊದಲು ನಾನೂ ಇದೇ ತಪ್ಪು ಮಾಡಿದೆ. ಒಂದು ವಾರ ಮನೆಯನ್ನು ಡಬ್ಬಿಯ ಹಾಗೆ ಮುಚ್ಚಿಬಿಟ್ಟೆ. ಬೆಳಗಿನ ಕೆಮ್ಮು ತಗ್ಗಿತು, ರಾತ್ರಿಯದು ಹೆಚ್ಚಾಯಿತು! ಪುಸ್ತಕ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು. ಒಣಮೆಣಸಿನಕಾಯಿ ಒಗ್ಗರಣೆ, ಕಾದ ಹೆಂಚಿನ ಮೇಲೆ ಎಣ್ಣೆ, ದೇವರ ಮುಂದೆ ಮೂರು ಊದುಬತ್ತಿ, ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ.

ಸೊಳ್ಳೆ ಬತ್ತಿಯದಂತೂ ಕೇಳಿದರೆ ಬೆಚ್ಚಿಬೀಳುತ್ತೀರಿ. ಒಂದು ಸುರುಳಿ ಪೂರ್ತಿ ಉರಿದರೆ ಬರುವ ಪಿಎಂ 2.5 ಕಣಗಳು 75ರಿಂದ 137 ಸಿಗರೇಟು ಸೇದಿದಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಕಿಟಕಿ ಮುಚ್ಚಿ ಬತ್ತಿ ಹಚ್ಚಿ ಮಗುವನ್ನು ಪಕ್ಕದಲ್ಲಿ ಮಲಗಿಸುವ ನಮ್ಮ ಪ್ರೀತಿಗೆ ಏನನ್ನಬೇಕು? ಸೊಳ್ಳೆ ಪರದೆ ಕಟ್ಟುವುದೇ ಒಳ್ಳೆಯದು.

ಅಂದರೆ ಲೆಕ್ಕ ಸರಳ. ಕಿಟಕಿ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಹೊತ್ತಿನಲ್ಲಿ ಕೊಳೆ ಹೆಚ್ಚಿರುವುದು ಹೊರಗಡೆಯೋ, ಒಳಗಡೆಯೋ? ಒಳಗೆ ಹೆಚ್ಚಿದ್ದರೆ ತೆಗೆಯಿರಿ, ಹೊರಗೆ ಹೆಚ್ಚಿದ್ದರೆ ಮುಚ್ಚಿ. 2020ರಲ್ಲಿ ಕೊರೊನಾ ಬಂದಾಗ ಗಾಳಿ ಆಡದ ಕೋಣೆ ಎಷ್ಟು ಅಪಾಯ ಅಂತ ಎಲ್ಲರೂ ಕಲಿತೆವು. ಆ ಪಾಠ ಈಗಲೂ ನಿಜ. ಮನೆಯಲ್ಲಿ ಯಾರಿಗಾದರೂ ಜ್ವರ ಶೀತ ಇದ್ದಾಗ, ನೆಂಟರಿಷ್ಟರು ತುಂಬಿದಾಗ, ಬಣ್ಣ ಹೊಡೆಸಿದಾಗ ಗಾಳಿ ಆಡಲೇಬೇಕು.

ಇನ್ನೊಂದು ಮಾತು ಮರೆಯಬೇಡಿ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿಯ ವೆಂಟಿಲೇಟರನ್ನು ಚಳಿ, ಧೂಳು ಅಂತ ಯಾವ ಕಾರಣಕ್ಕೂ ಮುಚ್ಚಬಾರದು. ಗ್ಯಾಸ್ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಾಣ ಬಿಟ್ಟ ಸುದ್ದಿಗಳನ್ನು ಓದಿದ್ದೇವಲ್ಲ. ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವುದೂ ಅಷ್ಟೇ ಅಪಾಯ.

ಯಾವ ಕಾಲಕ್ಕೆ ಯಾವ ಹೊತ್ತು?

ನಮ್ಮ ಮನೆಯಲ್ಲಿ ಈಗ ಪಾಲಿಸುತ್ತಿರುವ ವೇಳಾಪಟ್ಟಿ ಇದು. ನಿಮ್ಮ ಮನೆಯ ದಿಕ್ಕು, ರಸ್ತೆ ನೋಡಿಕೊಂಡು ಹೊಂದಿಸಿಕೊಳ್ಳಿ.

* ನವೆಂಬರ್‌ನಿಂದ ಫೆಬ್ರುವರಿ: ರಸ್ತೆ ಕಡೆಯ ಕಿಟಕಿ ಬೆಳಿಗ್ಗೆ ಹತ್ತೂವರೆ, ಹನ್ನೊಂದರವರೆಗೆ ಮುಚ್ಚಿರಲಿ. ಹನ್ನೊಂದರಿಂದ ನಾಲ್ಕೂವರೆವರೆಗೆ ಎಲ್ಲ ತೆಗೆಯಿರಿ. ಹಾಸಿಗೆ, ಹೊದಿಕೆ ಬಿಸಿಲಿಗೆ ಹಾಕುವುದೂ ಆಗಲೇ. ದೀಪ ಹಚ್ಚುವ ಹೊತ್ತಿಗೆ ಮುಚ್ಚಿಬಿಡಿ.

* ಮಾರ್ಚ್‌ನಿಂದ ಮೇ: ಬಿಸಿಲಿಗೆ ಮುಚ್ಚಳ ಬೇಗ ತೆರೆಯುತ್ತದೆ. ಆದರೆ ಮಧ್ಯಾಹ್ನದ ಸುಳಿಗಾಳಿ ದಪ್ಪ ಧೂಳು ಎಬ್ಬಿಸುತ್ತದೆ, ಮಣ್ಣು ರಸ್ತೆಯ ಕಡೆ ಮುಚ್ಚಿ. ಸೆಕೆಗೆ ರಾತ್ರಿ ಮುಚ್ಚಲಾಗದಿದ್ದರೆ ಹಿಂಬದಿಯ ಕಿಟಕಿ ತೆಗೆಯಿರಿ.

* ಜೂನ್‌ನಿಂದ ಸೆಪ್ಟೆಂಬರ್: ನಮ್ಮ ಕಡೆ ವರ್ಷದ ಒಳ್ಳೆಯ ಗಾಳಿ ಇದೇ. ನೈರುತ್ಯದ ಬೀಸುಗಾಳಿ ಎಲ್ಲವನ್ನೂ ಹೊತ್ತೊಯ್ಯುತ್ತದೆ, ಮಳೆ ತೊಳೆಯುತ್ತದೆ. ಧಾರಾಳವಾಗಿ ತೆಗೆದಿಡಿ. ಮುಚ್ಚಿದರೆ ಗೋಡೆಗೆ ಬೂಷ್ಟು ಬಂದು ಅದೂ ಉಬ್ಬಸಕ್ಕೆ ದಾರಿ.

* ದೀಪಾವಳಿ: ಪಟಾಕಿ ಶುರುವಾಗುವ ಮೊದಲೇ ಮುಚ್ಚಿ. ರಾತ್ರಿ ಎಂಟರಿಂದ ಹತ್ತರ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಹಾಕಿದ್ದರೂ ಹೊಗೆಗೆ ಗಡಿಯಾರ ಗೊತ್ತಿಲ್ಲ, ಮರುದಿನ ಬೆಳಗಿನವರೆಗೂ ನಿಲ್ಲುತ್ತದೆ.

* ಅಡುಗೆ ಹೊತ್ತು: ಕಾಲ ಯಾವುದೇ ಇರಲಿ, ಒಲೆ ಹಚ್ಚಿದಾಗ ಅಡುಗೆಮನೆಯ ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಗ್ಗರಣೆ ಹಾಕಿ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಫ್ಯಾನ್ ಓಡಲಿ.

ದಿನವಿಡೀ ತೆಗೆದಿಡಬೇಕು ಅಂತೇನಿಲ್ಲ. ಎದುರುಬದುರಿನ ಎರಡು ಕಿಟಕಿ ಹದಿನೈದು ಇಪ್ಪತ್ತು ನಿಮಿಷ ಒಟ್ಟಿಗೆ ತೆರೆದರೆ ಕೋಣೆಯ ಗಾಳಿ ಚೆನ್ನಾಗಿ ಬದಲಾಗುತ್ತದೆ.

ಗಾಳಿಯ ದಿಕ್ಕನ್ನೂ ನೋಡಿ. ನಮ್ಮಲ್ಲಿ ಮಳೆಗಾಲದಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸಿದರೆ ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ತಾರಸಿಯಲ್ಲಿ ಒಣಹಾಕಿದ ಸೀರೆ ಯಾವ ಕಡೆ ಹಾರುತ್ತಿದೆ ನೋಡಿದರೆ ಸಾಕು. ಹೆದ್ದಾರಿ ಕಡೆಯಿಂದ ಮನೆ ಕಡೆಗೆ ಹಾರುತ್ತಿದ್ದರೆ ಆ ಬದಿ ಮುಚ್ಚಿ, ಇನ್ನೊಂದು ಬದಿ ತೆಗೆಯಿರಿ.

ಮೊಬೈಲ್ ಏನು ಹೇಳುತ್ತೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಎಂಬ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಗಾಳಿಯ ಗುಣಮಟ್ಟ ಸೂಚ್ಯಂಕ ಬರುತ್ತದೆ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ. ನೆಲಮಂಗಲದವರು ಪೀಣ್ಯ, ದೇವನಹಳ್ಳಿಯವರು ಹೆಬ್ಬಾಳ, ದೊಡ್ಡಬಳ್ಳಾಪುರದವರು ಚಿಕ್ಕಬಳ್ಳಾಪುರದ ಕೇಂದ್ರವನ್ನು ನೋಡಬಹುದು. ಆದರೆ ಅದು ಆ ಜಾಗದ ಗಾಳಿ, ನಿಮ್ಮ ಬೀದಿಯದಲ್ಲ.

ಒಂದು ಸೂಕ್ಷ್ಮ ಇದೆ. ಸೂಚ್ಯಂಕದ ಸಂಖ್ಯೆ ಹಿಂದಿನ 24 ಗಂಟೆಗಳ ಸರಾಸರಿಯದು. ಕಿಟಕಿ ತೆಗೆಯಲು ನಮಗೆ ಬೇಕಾದದ್ದು ಈ ಗಂಟೆಯ ಲೆಕ್ಕ. ಹಾಗಾಗಿ ಪಿಎಂ 2.5ರ ಗಂಟೆವಾರು ಅಂಕಿಯನ್ನು ನೋಡಿ. ನಮ್ಮ ದೇಶದ ಮಾನದಂಡದ ಪ್ರಕಾರ ದಿನದ ಸರಾಸರಿ, ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮಾತ್ರ. ನಮ್ಮ ಮನೆಯ ನಿಯಮ: 30ರ ಒಳಗಿದ್ದರೆ ನಿಶ್ಚಿಂತೆ, 60 ದಾಟಿದರೆ ಕಿಟಕಿ ಮುಚ್ಚಿ ಮಗನ ಹೊರಗಿನ ಆಟಕ್ಕೂ ಸ್ವಲ್ಪ ಕಡಿವಾಣ.

ಮೊಬೈಲ್ ಬೇಡವೆಂದರೆ ಬೆಟ್ಟ ನೋಡಿ. ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ನಂದಿಬೆಟ್ಟ ಇದೆ. ಮಂಜು, ಮೋಡ ಇಲ್ಲದ ಹೊತ್ತಿನಲ್ಲೂ ಬೆಟ್ಟದ ಅಂಚು ಮಸುಕಾಗಿದ್ದರೆ ಕಿಟಕಿಗೆ ಅವಸರ ಬೇಡ.

ಗುಡಿಸೋದರಲ್ಲೂ ಜಾಣತನ

ಕಿಟಕಿ ಮುಚ್ಚಿಕೊಂಡು ಒಣ ಪೊರಕೆ ಆಡಿಸಿದರೆ ಕೂತ ಧೂಳನ್ನು ಎಬ್ಬಿಸಿ ಉಸಿರಾಡಿದ ಹಾಗೆ. ಮಗು ಶಾಲೆಗೆ ಹೋದ ಮೇಲೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವ ಹಿರಿಯರ ಪದ್ಧತಿ ನೂರಕ್ಕೆ ನೂರು ಸರಿ. ಜಾಲರಿ, ಫ್ಯಾನಿನ ರೆಕ್ಕೆ, ಸಜ್ಜೆ ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆ ಕಾಣಲಿ. ಕುಂಡದಲ್ಲಿ ಗಿಡ ಇಡಿ, ಕಣ್ಣಿಗೆ ತಂಪು, ಆದರೆ ನಾಲ್ಕು ಕುಂಡದಿಂದ ಗಾಳಿ ಶುದ್ಧವಾಗುತ್ತೆ ಅಂತ ನಂಬಿ ಕೂರಬೇಡಿ. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಹೆಪಾ ಫಿಲ್ಟರ್ ಇರುವುದನ್ನೇ ನೋಡಿ, ಅದನ್ನು ಕಾಲಕಾಲಕ್ಕೆ ಬದಲಿಸುವ ಖರ್ಚೂ ಲೆಕ್ಕದಲ್ಲಿರಲಿ.

ಮುಂಜಾನೆ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ವಾಕಿಂಗ್ ಹೋಗುವ ಯಜಮಾನರಿಗೂ ಹೇಳಿ, ಚಳಿಗಾಲದಲ್ಲಿ ಬಿಸಿಲು ಬಂದ ಮೇಲೆ ಒಳರಸ್ತೆಯಲ್ಲಿ ಹೋಗಲಿ. ಸೆರಗು, ಕರವಸ್ತ್ರ ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ತಡೆಯುತ್ತದೆ.

ಅತ್ತೆ ಒಪ್ಪಿದರಾ?

ಇದನ್ನೇ ಎಲ್ಲರೂ ಕೇಳುವುದು! ‘ಬಾಗ್ಲು ಮುಚ್ಕೊಂಡು ಕೂತ್ರೆ ಲಕ್ಷ್ಮಿ ಎಲ್ಲಿಂದ ಬರ್ತಾಳೆ?’ ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು. ನಾನು ವಾದಕ್ಕಿಳಿಯಲಿಲ್ಲ. ಎರಡು ಬಿಳಿ ಕರವಸ್ತ್ರ ಒದ್ದೆ ಮಾಡಿ, ಒಂದನ್ನು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಇನ್ನೊಂದನ್ನು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅದೇ ಕಿಟಕಿಗೆ ಕಟ್ಟಿದೆ. ಅವರ ಕೈಗೇ ಕೊಟ್ಟೆ. ಕರವಸ್ತ್ರಕ್ಕೆ ಅಂಟುವುದು ದಪ್ಪ ಧೂಳು ಮಾತ್ರ, ಇದೇನು ವಿಜ್ಞಾನ ಅಲ್ಲ. ಆದರೆ ಮೊದಲನೆಯದು ಮಸಿಬಟ್ಟೆಯ ಬಣ್ಣಕ್ಕೆ ತಿರುಗಿದ್ದು ನೋಡಿ ಅವರು ಸುಮ್ಮನಾದರು.

ಈಗ ರಾಜಿ ಆಗಿದೆ. ಐದೂವರೆಗೆ ಮುಂಬಾಗಿಲು ತೆರೆಯುತ್ತದೆ, ನೀರು, ರಂಗೋಲಿ, ಹೊಸ್ತಿಲ ಪೂಜೆ, ಮತ್ತೆ ಬಾಗಿಲು ಮುಂದಕ್ಕೆ. ಊದುಬತ್ತಿ ಮೂರರ ಬದಲು ಒಂದು, ಅದೂ ಹಿತ್ತಲ ಕಿಟಕಿ ತೆಗೆದು. ಹನ್ನೊಂದಕ್ಕೆ ಅತ್ತೆಯೇ ಎದ್ದು ಕಿಟಕಿಗಳನ್ನೆಲ್ಲ ತೆಗೆಯುತ್ತಾರೆ. ‘ಲಕ್ಷ್ಮಿ ಈಗ ಹನ್ನೊಂದು ಗಂಟೆ ಬಸ್ಸಿಗೆ ಬರ್ತಾಳೆ’ ಅಂತ ಪಕ್ಕದ ಮನೆಯವರಿಗೆ ಹೇಳಿ ನಗುತ್ತಾರೆ.

ಮಗನಿಗೆ ಪೂರ್ತಿ ವಾಸಿಯಾಯಿತು ಅಂತ ಹೇಳಲಾರೆ. ವೈದ್ಯರು ಹೇಳಿದ ಇನ್‌ಹೇಲರ್ ನಡೆದಿದೆ, ಅದನ್ನು ನಾವಾಗಿ ನಿಲ್ಲಿಸುವಂತಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ನಡುರಾತ್ರಿ ಓಡುವ ಪ್ರಸಂಗ ಬರಲಿಲ್ಲ. ನನಗೆ ಅಷ್ಟೇ ಸಾಕು.

ಕಿಟಕಿ ಮುಚ್ಚಿ ನಮ್ಮ ಮನೆ ಕಾಪಾಡಿಕೊಂಡೆವು ಸರಿ, ಬೀದಿಯ ಗತಿ? ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ 5,000 ರೂಪಾಯಿ ದಂಡ ಗೊತ್ತುಮಾಡಿದೆ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ನಮ್ಮ ಬೀದಿಯ ಆರು ಜನ ಹೆಂಗಸರು ಸೇರಿ ಪಕ್ಕದ ಖಾಲಿ ಸೈಟಿನಲ್ಲಿ ಎಲೆ ಸುಡುವುದನ್ನು ನಿಲ್ಲಿಸಿ ಗುಂಡಿ ತೆಗೆಸಿ ಗೊಬ್ಬರ ಮಾಡುತ್ತಿದ್ದೇವೆ. ದಂಡದ ಮಾತೇ ಬರಲಿಲ್ಲ, ‘ಮಗು ಕೆಮ್ಮುತ್ತೆ ಕಣಣ್ಣ’ ಅಂದಿದ್ದಕ್ಕೇ ಕೆಲಸ ಆಯಿತು. ಕ್ರಷರ್, ಕಾರ್ಖಾನೆಯ ಹೊಗೆ ಧೂಳಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದಿನ, ಹೊತ್ತು, ಫೋಟೊ ಸಮೇತ ಲಿಖಿತ ದೂರು ಕೊಡಬಹುದು.

ನೀವೂ ಹಾಲಿನ ಪುಸ್ತಕದ ಹಿಂಬದಿಯಲ್ಲಿ ಒಂದು ತಿಂಗಳು ಬರೆದು ನೋಡಿ. ನಿಮ್ಮ ಮನೆಯ ಕಿಟಕಿಗೆ ಒಳ್ಳೆಯ ಹೊತ್ತು ಯಾವುದು ಅಂತ ಅದೇ ಹೇಳುತ್ತದೆ.